ಅಮಾಲಾ ಸೈಕಲ್ಲು ಸ್ವಿಸ್ ಬೆಟ್ಟ ಹತ್ತಿದ್ದು

ಹ್ಯಾಂಡ್‌ಪೋಸ್ಟ್

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವನನ್ನು ಊರಿನವರು ಹಿಮ ಹೇಗಿತ್ತು ಎಂದು ಕೇಳುತ್ತಾರೆ. ನನಗೇನು ಗೊತ್ತು. ಅಲ್ಲಿದ್ದಷ್ಟು ದಿನ ನಾನು ಹೆಚ್ಚಾಗಿ ನೋಡಿದ್ದು ಒಂದು ಕಪ್ಪು ಸೈಕಲ್ಲಿನ ಹಿಂದಿನ ಮಡ್‌ಗಾರ್ಡನ್ನು. ಬೆಟ್ಟ, ಸರೋವರ, ಗಂಟೆ ಕಟ್ಟಿಕೊಂಡ ದಪ್ಪ ಹಸುಗಳು, ಎಲ್ಲವೂ ಅದರಾಚೆಗೆ ಎಲ್ಲೋ ಇದ್ದವು.

ಸೈಕಲ್ಲು ನನ್ನದಲ್ಲ. ಅಮಾಲಾ ಅವರದು. ಅಮಾಲಾ ಅಂದರೆ ಟಿಬೆಟಿಯನ್ ಮಾತಿನಲ್ಲಿ ಅಮ್ಮ. ಬೈಲಕುಪ್ಪೆಯಲ್ಲಿ ಅವರ ಜೋಳದ ಹೊಲಕ್ಕೂ ನಮ್ಮ ಹೊಗೆಸೊಪ್ಪಿನ ಹೊಲಕ್ಕೂ ನಡುವೆ ಒಂದೇ ಬದು. ಅವರ ಮಗ ತೆನ್ಝಿನ್ ಹುಣಸೂರಿನ ಕಾಲೇಜಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೈಗುಳಕ್ಕೆ ಅಮಾಲಾ ಅವರನ್ನು ಮೀರಿಸುವವರಿರಲಿಲ್ಲ. ಸೈಕಲ್ ಮೇಲೆ ಬೆಲ್ ಬಾರಿಸುತ್ತ ಬರುತ್ತಿದ್ದರು, ಒಂದು ಕಾಲು ಊರಿ ನಿಲ್ಲುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಬೆಲ್ ಬಾರಿಸುತ್ತ ಹೋಗುತ್ತಿದ್ದರು. ನಾನು ಮಿಮಿಕ್ರಿ ಕಲಿತಿದ್ದೇ ಅವರ ಬೆಲ್ಲಿನಿಂದ. ಆ ಬೆಲ್ಲಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಎರಡು ಸಲ ಸರಿಯಾಗಿ ಬಾರಿಸಿ, ಮೂರನೆಯದಕ್ಕೆ ಸೀನು ಬಂದ ಬೆಕ್ಕಿನ ಹಾಗೆ ಕೆರೆಯುತ್ತಿತ್ತು. ನಾನು ಅದನ್ನು ಬಾಯಲ್ಲಿ ಬಾರಿಸಿದರೆ ಅವರ ಮನೆ ನಾಯಿಯೂ ಬಾಲ ಅಲ್ಲಾಡಿಸುತ್ತ ಗೇಟಿಗೆ ಬಂದು ನನ್ನ ಮುಖ ನೋಡಿ ಬೇಸರಪಟ್ಟುಕೊಳ್ಳುತ್ತಿತ್ತು.

ಈಗ ಕೆ.ಆರ್. ನಗರದ ಕಡೆ ಗಣಪತಿ ಕೂರಿಸಿದಾಗ, ಆರ್ಕೆಸ್ಟ್ರಾದ ಹುಡುಗಿಯರು ಸೀರೆ ಬದಲಾಯಿಸುವ ಹೊತ್ತಿಗೆ ನನ್ನನ್ನು ವೇದಿಕೆಗೆ ತಳ್ಳುತ್ತಾರೆ. ನನ್ನ ಕಲೆಯ ಎತ್ತರ ಅಷ್ಟು.

ತೆನ್ಝಿನ್ ಸ್ವಿಟ್ಜರ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿ, ತಾಯಿಯನ್ನೂ ಕರೆಸಿಕೊಂಡ. ಬಂದು ಹೋಗು ಎಂದು ನನ್ನನ್ನೂ ಕರೆಯುತ್ತಲೇ ಇದ್ದ. ನನಗೆ ವೀಸಾ ಬಂದ ದಿನ ಫೋನ್ ಮಾಡಿದವನ ದನಿ ಸಪ್ಪಗಿತ್ತು.

"ಅಮಾಲಾ ಬೈಯೋದ್ನೇ ನಿಲ್ಸ್‌ಬುಟ್ಟವ್ಳೆ ಕಣ್ಲಾ."

"ಒಳ್ಳೇದಾಯ್ತು ಬುಡು."

"ತಮಾಸೆ ಅಲ್ಲ ಕಣ್ಲಾ. ಏನ್ ಯೋಳಿದ್ರೂ ಆಯ್ತು ಅಂತಾಳೆ. ಊಟಕ್ ಬಾ ಅಂದ್ರೆ ಆಯ್ತು. ಬ್ಯಾಡ ಅಂದ್ರೂ ಆಯ್ತು. ಕಿಟಕಿ ತಾವ ಕೂತ್ಕಂಡ್ರೆ ಮುಗೀತು, ಆಚಿಕೇ ಓಗಕಿಲ್ಲ. ಗೇರ್ ಸೈಕಲ್ ತಂದ್ಕೊಟ್ಟೆ, ದಿನಾ ಧೂಳು ಒರಸ್ತಾಳೆ, ಅತ್ತಲ್ಲ. ಮೊನ್ನೆ ಒಂದೇ ಮಾತು ಕೇಳುದ್ಲು, ನನ್ ಸೈಕಲ್ಲು ಎಲ್ಲದೆ ಅಂತ. ತಕಂಬಾ ಮಾರಾಯ."

ಆ ಸೈಕಲ್ಲನ್ನು ಅಮಾಲಾ ಹೊರಡುವಾಗ ನಮ್ಮಕ್ಕನಿಗೆ ಕೊಟ್ಟು ಹೋಗಿದ್ದರು. ಅಕ್ಕನ ಮನೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಹತ್ತಿರ. ನಾನು ಹೋಗಿ ಸೈಕಲ್ಲನ್ನು ತಳ್ಳಿಕೊಂಡು ಬಂದು, ಹುಣಸೂರಿನ ಪ್ರೈವೇಟ್ ಬಸ್ಸಿನ ಟಾಪಿಗೆ ಏರಿಸಿ ಕಟ್ಟಿ, ಕೆಳಗಿಳಿದು ಒಳಗೆ ಕೂತೆ. ಆಮೇಲೆ ಕಂಡಕ್ಟರು ಬಂದ.

"ಯಾವನ್ಲಾ ಅದು ಟಾಪ್ ಮ್ಯಾಲೆ ಸೈಕಲ್ ಮಡಗಿರೋನು? ಇದೇನ್ ಲಾರಿ ಅನ್ಕಂಡಿದ್ದೀಯಾ?"

"ಮಡಗಾಗೋಗದೆ ಅಣ್ಣ. ಲಗೇಜ್ ಟಿಕೆಟ್ ಅರೀರಿ."

"ಕೇಳ್ಬುಟ್ಟು ಮಡಗ್ಬೇಕು ತಾನೆ?"

"ಕೇಳಿದ್ರೆ ಬ್ಯಾಡ ಅಂತಿದ್ರಿ."

"ಊಂ, ಅಂತಿದ್ದೆ," ಎಂದು ಟಿಕೆಟ್ ಹರಿದ. ಹಿಂದಿನ ಸೀಟಿನಲ್ಲಿದ್ದ ಯಜಮಾನರೊಬ್ಬರು ನನ್ನ ಕಟ್ಟು ಸರಿಯಿಲ್ಲವೆಂದು ಬೈದರು. ಬೈದುಕೊಂಡೇ ಮೇಲೆ ಹತ್ತಿ ಇನ್ನೊಂದು ಸುತ್ತು ಬಿಗಿದು ಬಂದರು. ಮೊದಲು ಏರಿಸು, ಆಮೇಲೆ ಕೇಳು. ಇದು ನಮ್ಮ ಕಡೆಯ ಸಾರಿಗೆ ನಿಯಮ. ಲೋಕಕ್ಕೆಲ್ಲ ಇದೇ ನಿಯಮ ಎಂದು ನಾನು ನಂಬಿದ್ದೆ.

ಜೂರಿಕ್

ಪಿರಿಯಾಪಟ್ಟಣದ ಸೈಕಲ್ ಶಾಪಿನ ಸಾಬರು ಹ್ಯಾಂಡಲ್ ತಿರುಗಿಸಿ, ಪೆಡಲ್ ಬಿಚ್ಚಿ, ಗಾಳಿ ಇಳಿಸಿಕೊಟ್ಟರು. ಹೊಗೆಸೊಪ್ಪನ್ನು ಬೇಲು ಮಾಡಿ ಮೂಟೆ ಕಟ್ಟುವ ಗೋಣಿತಾಟನ್ನು ನಮ್ಮಪ್ಪ ಕೊಟ್ಟರು. ಅದರಲ್ಲಿ ಸುತ್ತಿ, ಬ್ಯಾರನ್ ಮನೆಯ ದಾರದಲ್ಲೇ ಕಟ್ಟಿದೆ. ಬ್ಯಾರನ್ ಅಂದರೆ ನಾವು ಸೊಪ್ಪು ಬೇಯಿಸಿ ಒಣಗಿಸುವ ಮನೆ. ವಿಮಾನದವರು ಹೇಗೋ ಹಾಕಿಕೊಂಡರು.

ಜೂರಿಕ್‌ನಲ್ಲಿ ಸುಂಕದವರ ನಾಯಿ ನನ್ನ ಬೇಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎದುರಿಗೆ ಕೂತು, ಏಳಲೇ ಇಲ್ಲ.

"ಇದರಲ್ಲಿ ತಂಬಾಕು ಇದೆಯೇ?" ಎಂದು ಅಧಿಕಾರಿ ಕೇಳಿದ. ಅಲ್ಲಿ ಎಲ್ಲರೂ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ್ದು. ಓದುವವರಿಗೆ ಇರಲಿ ಎಂದು ಕನ್ನಡ ಮಾಡಿದ್ದೇನೆ.

"ಇಲ್ಲ. ಸೈಕಲ್ ಇದೆ."

"ಹಾಗಾದರೆ ವಾಸನೆ?"

"ನಮ್ಮೂರಲ್ಲಿ ಎಲ್ಲಕ್ಕೂ ಇದೇ ವಾಸನೆ. ನನಗೂ."

ಅವನು ನಾಯಿಯನ್ನು ನನ್ನ ಕಡೆ ತಿರುಗಿಸಿದ. ಅದು ನನ್ನ ಮುಂದೆಯೂ ಕೂತಿತು. ಸುಳ್ಳು ಹೇಳಲಿಲ್ಲ ಎಂದು ನಾಯಿಯೇ ಸಾಕ್ಷಿ ನುಡಿದಂತಾಯಿತು. ಆದರೂ ತಾಟನ್ನು ಬಿಚ್ಚಿಸಿ, ಕೈಗವಸು ಹಾಕಿಕೊಂಡು ಮಡಿಸಿ, ತಾವೇ ಇಟ್ಟುಕೊಂಡರು. ದಾರವನ್ನು ಮಾತ್ರ ಕೊಟ್ಟರು. ಅಲ್ಲಿಯ ರೈಲುಗಳಲ್ಲಿ ಸೈಕಲ್ಲನ್ನು ಪೂರ್ತಿ ಸುತ್ತಿಟ್ಟರೆ ಅದು ಬರೀ ಲಗೇಜು, ಯಾರೂ ಏನೂ ಕೇಳುವುದಿಲ್ಲ ಎಂದು ಆಮೇಲೆ ತೆನ್ಝಿನ್ ಹೇಳಿದ. ಬಿಚ್ಚಿದ ಗಳಿಗೆಯಿಂದ ಅದು ಪ್ರಯಾಣಿಕ. ಅದಕ್ಕೂ ಟಿಕೆಟ್ಟು.

ತೆನ್ಝಿನ್‌ಗೆ ಅವತ್ತು ಮಧ್ಯಾಹ್ನದವರೆಗೆ ಡ್ಯೂಟಿ. ಅವನ ಊರಿಗೆ ಎರಡು ರೈಲು, ಒಂದು ಬಸ್ಸು. ಊರಿನ ಹೆಸರು ಗಂಟಲಲ್ಲಿ ಹುಟ್ಟಿ ಮೂಗಿನಲ್ಲಿ ಮುಗಿಯುತ್ತದೆ. ಬಾಯಲ್ಲಿ ಹೇಳಬಲ್ಲೆ, ಬರೆಯಲಾರೆ.

ಮೊದಲ ರೈಲು

ಹ್ಯಾಂಡಲ್ ಬಿಗಿದು, ಪೆಡಲ್ ಹಾಕಿ, ಗಾಳಿ ತುಂಬಿ, ನನಗೊಂದು ಸೈಕಲ್ಲಿಗೊಂದು ಟಿಕೆಟ್ ತೆಗೆದುಕೊಂಡು ಎಕ್ಸ್‌ಪ್ರೆಸ್ ಹತ್ತಿದೆ. ಬಾಗಿಲ ಹತ್ತಿರ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಯಾರೂ ಬೈಯಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಾಗಿತ್ತು. ಅಲ್ಲಿ ಬೈಯುವುದಿಲ್ಲ, ನೋಡುತ್ತಾರೆ. ಒಬ್ಬರು ಸೈಕಲ್ಲನ್ನು ನೋಡುತ್ತಾರೆ, ಆಮೇಲೆ ನನ್ನನ್ನು, ಆಮೇಲೆ ಕಿಟಕಿಯಾಚೆಗೆ, ಅಲ್ಲಿಂದ ಯಾವುದೋ ತೀರ್ಪು ಬರಬೇಕಾಗಿದೆ ಎಂಬಂತೆ.

ಟಿಕೆಟ್ ನೋಡುವವನು ಬಂದ. ಎತ್ತರದ ಆಳು, ಇಸ್ತ್ರಿ ಮಾಡಿದ ಮುಖ.

"ಸೈಕಲ್ಲಿಗೆ ಕಾದಿರಿಸಿದ್ದೀರಾ?"

"ಟಿಕೆಟ್ ಇದೆಯಲ್ಲ."

"ಅದು ಸೈಕಲ್ಲು ಪ್ರಯಾಣ ಮಾಡಲು. ನಾನು ಕೇಳುತ್ತಿರುವುದು ಅದು ನಿಲ್ಲಲು."

"ನಿಂತಿದೆಯಲ್ಲ."

"ನಿಂತಿದೆ. ಆದರೆ ಕಾದಿರಿಸದೆ ನಿಂತಿದೆ."

ನಮ್ಮಲ್ಲಿ ಕಾದಿರಿಸುವುದು ಅಂದರೆ ಕಿಟಕಿಯಿಂದ ಟವೆಲ್ ಎಸೆಯುವುದು. ಅವನಿಗೆ ಅದನ್ನು ವಿವರಿಸೋಣ ಎಂದುಕೊಂಡೆ, ಅವನ ಮುಖದ ಇಸ್ತ್ರಿ ನೋಡಿ ಬಿಟ್ಟೆ. ಮುಂದಿನ ಸ್ಟೇಷನ್ನಿನಲ್ಲಿ ನಮ್ಮಿಬ್ಬರನ್ನೂ ಇಳಿಸಿ, "ದಿನ ಶುಭವಾಗಲಿ" ಎಂದ. ಬೈದು ಇಳಿಸಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಶುಭ ಕೋರಿದವನನ್ನು ಏನೆಂದು ಬೈಯುವುದು. ರೈಲು ಹೋದ ಮೇಲೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವನದೇ ದನಿಯಲ್ಲಿ ಸೈಕಲ್ಲಿಗೆ "ದಿನ ಶುಭವಾಗಲಿ" ಅಂದೆ. ಚೆನ್ನಾಗಿ ಬಂತು. ಕೇಳಲು ಯಾರೂ ಇರಲಿಲ್ಲ.

ಎರಡನೆಯ ರೈಲು

ಎಲ್ಲ ಕಡೆ ನಿಲ್ಲುವ ಸಣ್ಣ ರೈಲಿಗೆ ಕಾದಿರಿಸುವುದು ಬೇಡ. ಆದರೆ ಅದರೊಳಗೆ ಸೈಕಲ್ಲು ನಿಲ್ಲುವಂತಿಲ್ಲ, ನೇತಾಡಬೇಕು. ಮೇಲೊಂದು ಕೊಕ್ಕೆ; ಮುಂದಿನ ಚಕ್ರವನ್ನು ಅದಕ್ಕೆ ಸಿಕ್ಕಿಸಬೇಕು. ಅಲ್ಲಿಯ ಸೈಕಲ್ಲುಗಳು ಹಪ್ಪಳದಷ್ಟು ಭಾರ. ಒಂದು ಕೈಯಲ್ಲಿ ಎತ್ತಿ ನೇತುಹಾಕಿ ಪುಸ್ತಕ ಓದುತ್ತಾರೆ. ಅಮಾಲಾ ಸೈಕಲ್ಲಿಗೆ ಡಬಲ್ ಬಾರಿನ ಅಡ್ಡಕಂಬಿ, ಕಬ್ಬಿಣದ ಚೈನ್‌ಕವರು, ಎರಡು ಮೂಟೆ ಜೋಳ ಹೊರುವ ಕ್ಯಾರಿಯರು. ಅದನ್ನು ಎದೆಗವಚಿಕೊಂಡು ಎತ್ತಿದೆ. ಚಕ್ರ ಕೊಕ್ಕೆಯ ಹತ್ತಿರ ಹೋಗುವಷ್ಟರಲ್ಲಿ ರೈಲು ತಿರುವು ಹೊಡೆಯಿತು. ನಾನೂ ಸೈಕಲ್ಲೂ ಬಹಳ ದಿನದ ಮೇಲೆ ಸಿಕ್ಕ ನೆಂಟರ ಹಾಗೆ ತಬ್ಬಿಕೊಂಡು ಆಚೆಯ ಗೋಡೆಗೆ ಹೋಗಿ ನಿಂತೆವು. ಯಾರೂ ಕೈ ಹಾಕಲಿಲ್ಲ. ಇನ್ನೊಬ್ಬರ ವಸ್ತು ಮುಟ್ಟುವುದು ಅಲ್ಲಿ ಮರ್ಯಾದೆಯಲ್ಲವಂತೆ.

ಕೊಕ್ಕೆಯ ಆಸೆ ಬಿಟ್ಟು, ಅಲ್ಲಿದ್ದ ಕಂಬಕ್ಕೆ ಸೈಕಲ್ಲನ್ನು ಬ್ಯಾರನ್ ದಾರದಲ್ಲಿ ಕಟ್ಟಿದೆ. ನನಗೆ ಗೊತ್ತಿರುವ ಕಟ್ಟು ಒಂದೇ. ಸೊಪ್ಪು ಬೇಯಿಸುವ ಮುಂಚೆ ನಾವು ಎಲೆಗಳನ್ನು ಉದ್ದನೆಯ ಕಡ್ಡಿಗೆ ಕುಣಿಕೆಯ ಮೇಲೆ ಕುಣಿಕೆ ಹಾಕುತ್ತ ಕಟ್ಟುತ್ತೇವೆ. ಎಷ್ಟು ಭಾರ ಬಿದ್ದರೂ ಜಾರದು. ಬೆಂದ ಮೇಲೆ ತುದಿ ಹಿಡಿದು ಒಂದು ಸಲ ಎಳೆದರೆ ಅಷ್ಟೂ ಕುಣಿಕೆ ಸರಸರನೆ ಬಿಚ್ಚಿಕೊಂಡು ಎಲೆಗಳೆಲ್ಲ ಕೆಳಗೆ. ಅದಕ್ಕೇ ತುದಿಯನ್ನು ಇಳಿಬಿಡುತ್ತೇವೆ. ನಾನೂ ಇಳಿಬಿಟ್ಟೆ. ನಮ್ಮ ಕಡೆ ಆ ತುದಿಯನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಿದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು.

ಎದುರಿಗೆ ಟೋಪಿ ಹಾಕಿದ ವಯಸ್ಸಾದ ಸಭ್ಯರೊಬ್ಬರು ಕೂತಿದ್ದರು. ರೈಲು ಕುಲುಕಿದಂತೆಲ್ಲ ದಾರದ ತುದಿ ತೂಗಾಡುತ್ತಿತ್ತು. ಅವರ ಕಣ್ಣು ಅದರ ಜೊತೆಗೇ ತೂಗಾಡುತ್ತಿತ್ತು. ಸೈಕಲ್ಲಲ್ಲಿ ಕೊಳೆ ಇದೆ, ತುಕ್ಕಿದೆ, ಸೊಪ್ಪಿನ ವಾಸನೆ ಇದೆ. ಅದ್ಯಾವುದೂ ಅವರನ್ನು ಕಾಡಲಿಲ್ಲ. ಆ ತುದಿಯೊಂದು ಕಾಡಿತು. ಒಂದು ಸ್ಟೇಷನ್ ತಡೆದುಕೊಂಡರು. ಇನ್ನೊಂದು ಸ್ಟೇಷನ್ ತಡೆದುಕೊಂಡರು. ಇನ್ನೊಬ್ಬರ ವಸ್ತು ಮುಟ್ಟದ ಆ ಮನುಷ್ಯ ಕೊನೆಗೆ ಎದ್ದು ಬಂದು, ನೀಟಾಗಿ ಒಳಗೆ ಸಿಕ್ಕಿಸೋಣ ಎಂದು ತುದಿಯನ್ನು ಹಿಡಿದು, ಮೆತ್ತಗೆ ಎಳೆದರು.

ಬೆಂದ ಸೊಪ್ಪು ಇಳಿದ ಹಾಗೆ ಸೈಕಲ್ಲು ಇಳಿಯಿತು. ಹ್ಯಾಂಡಲ್ ತಿರುಚಿಕೊಂಡಿತು, ಬೆಲ್ಲಿನ ಬಟ್ಟಲು ಕಳಚಿ ಟ್ರಿಣ್ ಎನ್ನುತ್ತ ಉರುಳಿತು. ಅದೇ ಹೊತ್ತಿಗೆ ರೈಲು ನಿಂತು ಬಾಗಿಲು ತೆರೆದುಕೊಂಡಿತು. ನಾನು ನಾಲ್ಕು ಕಾಲಲ್ಲಿ ಹಿಂದೆ ಹೋದೆ. ಬಟ್ಟಲು ಹೊಸ್ತಿಲ ಮೇಲೆ ಒಂದು ಸುತ್ತು ತಿರುಗಿ, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯಲ್ಲಿ ಇಳಿದುಹೋಯಿತು. ಬಾಗಿಲು ಮುಚ್ಚಿತು. ಸ್ವಿಟ್ಜರ್ಲೆಂಡಿನ ರೈಲು ಬೆಲ್ಲಿಗಾಗಿ ಕಾಯುವುದಿಲ್ಲ.

"ಅದು ನೇತಾಡುತ್ತಿತ್ತು," ಎಂದರು ಸಭ್ಯರು. ಅಳು ಬರುವ ಹಾಗಿತ್ತು ಪಾಪ. ನನಗೊಂದು ಚಾಕೊಲೇಟ್ ಕೊಟ್ಟರು. ಬಿದ್ದಿದ್ದ ದಾರವನ್ನೆಲ್ಲ ಬೆರಳಿಗೆ ಸುತ್ತಿ, ಅಂಗಡಿಯಿಂದ ತಂದಷ್ಟು ಚಂದದ ಉಂಡೆ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ ಕೊಟ್ಟರು. ಬೈಲಕುಪ್ಪೆಯಿಂದ ಇಲ್ಲಿಯವರೆಗೆ ಉಳಿದುಕೊಂಡು ಬಂದಿದ್ದ ಬೆಲ್ಲು. ಅಮಾಲಾ ಮಾತಾಡುತ್ತಿಲ್ಲ, ಈಗ ಸೈಕಲ್ಲೂ ಮಾತಾಡದು. ಚಾಕೊಲೇಟ್ ತಿನ್ನುತ್ತ ಕೂತೆ. ಚೆನ್ನಾಗಿತ್ತು ಎಂದು ಇನ್ನಷ್ಟು ಸಿಟ್ಟು ಬಂತು.

ಹಳದಿ ಬಸ್ಸು

ಬೆಟ್ಟದ ಬುಡದಲ್ಲಿ ಹಳದಿ ಬಸ್ಸು ನಿಂತಿತ್ತು. ಹಿಂದುಗಡೆ ಸೈಕಲ್ಲು ಹೊರಲೆಂದೇ ಒಂದು ಚೌಕಟ್ಟು, ಅದೂ ಖಾಲಿ. ನನಗೆ ಹ್ಯಾಂಡ್‌ಪೋಸ್ಟ್ ಜ್ಞಾಪಕ ಬಂತು. ಕೇಳುತ್ತ ಕೂತಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಎಂದುಕೊಂಡು, ಮೊದಲು ಸೈಕಲ್ ಏರಿಸಿ ಕಟ್ಟಿ, ಆಮೇಲೆ ಒಳಗೆ ಹೋಗಿ, ಡ್ರೈವರಮ್ಮನಿಗೆ ಹಲ್ಲು ಬಿಟ್ಟು, ಸೀಟಿನಲ್ಲಿ ಕೂತೆ. ನರೆತ ಜಡೆಯ ದಪ್ಪ ಹೆಂಗಸು. ಕನ್ನಡಿಯಲ್ಲಿ ಹಿಂದೆ ನೋಡಿದಳು.

"ಅದು ಆಗುವುದಿಲ್ಲ. ಭಾರ ಹೆಚ್ಚು. ಕಟ್ಟೂ ಸರಿಯಿಲ್ಲ."

"ಏರಿಸಿಯಾಗಿದೆ ಮೇಡಂ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ."

ಅವಳು ಬೈಯಲಿಲ್ಲ. ಇಂಜಿನ್ ಆಫ್ ಮಾಡಿ, ಕೈ ಕಟ್ಟಿ ಕೂತಳು. ಬಸ್ಸಿನಲ್ಲಿದ್ದವರೂ ಕೂತರು. ಒಬ್ಬರೂ ಕೆಮ್ಮಲಿಲ್ಲ. ಹುಣಸೂರು ಬಸ್‌ಸ್ಟ್ಯಾಂಡಿನ ಅಷ್ಟೂ ಜನ ಒಟ್ಟಿಗೆ ಬೈದರೆ ನಾನು ತಡೆದುಕೊಳ್ಳಬಲ್ಲೆ; ಆ ಮೌನವನ್ನು ತಡೆಯಲಾಗಲಿಲ್ಲ. ನಾನೇ ಎದ್ದು ಹೋಗಿ, ನಾನೇ ಬಿಚ್ಚಿ, ನಾನೇ ಇಳಿಸಿಕೊಂಡೆ. ಬಸ್ಸು ಹೊರಟಿತು. ಡ್ರೈವರಮ್ಮ ಕೈ ಬೀಸಿದಳು, ಅದೂ ಪ್ರೀತಿಯಿಂದ.

ತೆನ್ಝಿನ್ ಊರಿನ ತನಕ ತಳ್ಳಿದೆ. ತಿರುವಿಗೊಂದು ಹಸು ನಿಂತು ನೋಡುತ್ತಿತ್ತು. ಅಲ್ಲಿಯ ಹಸುಗಳೂ ಬೈಯುವುದಿಲ್ಲ.

ತೆನ್ಝಿನ್ ಮನೆ

ಡ್ಯೂಟಿ ಬಟ್ಟೆಯಲ್ಲೇ ತೆನ್ಝಿನ್ ಕೆಳಗೆ ಕಾಯುತ್ತಿದ್ದ. ಮೇಲಿನ ಮಹಡಿಯ ಕಿಟಕಿಯಲ್ಲಿ ಪರದೆ ಎಳೆದಿತ್ತು. ತಬ್ಬಿಕೊಂಡ ಮೇಲೆ ಸೈಕಲ್ಲು ನೋಡಿದ. ಅವನ ಮುಖ ಇಳಿಯಿತು.

"ಬೆಲ್ ಎಲ್ಲೋಯ್ತ್ಲಾ?"

"ಯಾವ್ದೋ ಸ್ಟೇಷನ್ನಲ್ಲಿ ಇಳ್ಕಂತು."

"ಆ ಬೆಲ್ಲಿಗೇ ಕಣ್ಲಾ ಅವ್ಳು ಕಾಯ್ತಿದ್ದುದ್ದು. ಇದ ನೋಡಿ ಆಯ್ತು ಬುಡು ಅಂದ್ಬುಟ್ರೆ ನಾನ್ ಏನ್ಲಾ ಮಾಡ್ಲಿ?" ಅವನು ಸೀಟಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. ಕಾಲೇಜಿನಲ್ಲಿ ಎಷ್ಟು ಗೇಲಿ ಮಾಡಿದರೂ ನಗುತ್ತಿದ್ದವನು. ಹೇಳಲು ತಿಳಿಯದಾಗ ನಾನು ಮಾಡುವುದು ಒಂದೇ. ತಲೆ ಎತ್ತಿ ಬಾಯಿ ತೆಗೆದೆ.

"ಬ್ಯಾಡ ಕಣ್ಲಾ, ಇವತ್ ಭಾನ್ವಾರ. ಭಾನ್ವಾರ ಇಲ್ಲಿ ಸದ್ ಮಾಡಂಗಿಲ್ಲ. ಗಾಜಿನ ಬಾಟ್ಲಿನೂ ಕಸದ ಡಬ್ಬಕ್ಕೆ ಆಕಂಗಿಲ್ಲ."

ಅಷ್ಟರಲ್ಲಿ ನಾನು ಬಾರಿಸಿಯಾಗಿತ್ತು. ಎರಡು ಸರಿಯಾಗಿ, ಮೂರನೆಯದು ಬೆಕ್ಕಿನ ಸೀನು. ಏನೂ ಆಗಲಿಲ್ಲ. ಇನ್ನೊಮ್ಮೆ ಬಾರಿಸಿದೆ. ಕೆಳಮನೆಯ ಕಿಟಕಿ ತೆರೆದು ಬಿಳಿ ಕೂದಲಿನ ಹೆಂಗಸೊಬ್ಬಳು ನೋಡಿದಳು. ಮೂರನೆಯ ಸಲ ಬಾರಿಸುವಾಗ ಮೇಲಿನ ಪರದೆ ಸರಿಯಿತು. ಬಾಲ್ಕನಿಯ ಬಾಗಿಲು ತೆರೆಯಿತು. ಅಮಾಲಾ ಬಂದರು. ಸಣ್ಣಗಾಗಿದ್ದರು. ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿದರು.

"ಯಾವನ್ಲಾ ಅದು, ನನ್ ಬೆಲ್ಲು ಕದ್ದು ಗಂಟಲ್ಗೆ ಇಳ್ಸ್ಕಂಡಿರೋನು?"

ನಾನು ಕೈ ಮುಗಿದೆ. "ನಾನು ಅಮಾಲಾ, ಚೆನ್ನಾಗಿದ್ದೀರಾ?"

"ಮಂಗ್ ನನ್ಮಗ್ನೆ. ಬೆಲ್ ಎಲ್ಲಿ? ಆಂಡ್ಲು ಯಾಕೆ ಮೂತಿ ತಿರುಗುಸ್ಕಂಡದೆ? ನಿಮ್ಮಕ್ಕನ್ ಕೈಗೆ ಕೊಟ್ಟಾಗ ಬಂಗಾರದಂಗಿತ್ತು. ನೀನು ದಾರೀಲೆಲ್ಲ ಎಮ್ಮೆ ಉಜ್ಜಿದಂಗೆ ಉಜ್ಕಂಡ್ ಬಂದಿದೀಯ. ತಲೆ ತಗ್ಗುಸ್‌ಬ್ಯಾಡ, ಇತ್ಲಾಗ್ ನೋಡು. ನೀ ಸಣ್ಣವ್ನಾಗಿದ್ದಾಗ್ಲೂ ಇಂಗೇ, ಎಲ್ಲಾರ್ ದನೀನೂ ಕದೀತಿದ್ದೆ, ಕೆಲ್ಸ ಮಾತ್ರ ಒಬ್ಬರ್ದೂ ಕಲೀಲಿಲ್ಲ."

ಇನ್ನೂ ಇತ್ತು. ಅಚ್ಚಿಗೆ ಯೋಗ್ಯವಾದ ಭಾಗವನ್ನು ಮಾತ್ರ ಕೊಟ್ಟಿದ್ದೇನೆ. ತೆನ್ಝಿನ್ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವನ ಭುಜ ಅಲುಗುತ್ತಿತ್ತು.

"ಬೈತಾವ್ಳೆ ಕಣ್ಲಾ," ಎಂದು ಪಿಸುಗುಟ್ಟಿದ.

"ಗೊತ್ತಾಯ್ತದೆ. ನಂಗೇ ತಾನೆ."

"ಇನ್ನೊಂದ್ಸಲ ಬಾರ್ಸ್ಲಾ, ನಿಂತೋದಾತು."

ಕೆಳಮನೆಯ ಹೆಂಗಸು ತೆನ್ಝಿನ್‌ಗೆ ಏನೋ ಹೇಳಿದಳು. ಭಾನುವಾರದ ಸದ್ದಿಗೆ ದೂರು ಎಂದುಕೊಂಡೆ. ಅಲ್ಲ. ನಿಮ್ಮ ತಾಯಿಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದೆ, ಅಂದಳಂತೆ.

ಸರೋವರ

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಮರುದಿನ ಹಿಮ ನೋಡಲು ಹೋಗುತ್ತಿದ್ದೆ. ಬೆಳಿಗ್ಗೆ ಅಮಾಲಾ ಬೂಟು ಹಾಕಿಕೊಂಡು ನಿಂತಿದ್ದರು. ರಾತ್ರಿಯೇ ಹ್ಯಾಂಡಲ್ ನೆಟ್ಟಗೆ ಮಾಡಿಸಿಕೊಂಡಿದ್ದರು.

"ಈ ಇಳಿಜಾರಲ್ಲಿ ಸೈಕಲ್ ತುಳ್ದ್ರೆ ಸೀದಾ ಮೇಲಕ್ಕೇ ಓಯ್ತೀನಿ. ಕೆಳಗೆ ನೀರಿನ್ ದಡದಲ್ಲಿ ಸಮ ರಸ್ತೆ ಅದೆ. ಬಸ್ಸಲ್ಲಿ ಆಕ್ಕಂಡ್ ಓಗಾಣ ನಡಿ."

"ಅಮಾಲಾ, ಆ ಬಸ್ಸು ಬ್ಯಾಡ. ಅವಮ್ಮ ಹತ್ತಿಸ್ಕಳಲ್ಲ."

"ಕೇಳಿದ್ಯಾ?"

"ಕೇಳ್ಲಿಲ್ಲ, ಏರ್ಸ್ದೆ."

"ಕಟ್ಟಿದ್ ಎಂಗೆ?"

ತೋರಿಸಿದೆ. ಸುಗ್ಗಿಯಲ್ಲಿ ಅಮಾಲಾ ನಮ್ಮ ಬ್ಯಾರನ್ನಿಗೆ ಸೊಪ್ಪು ಕಟ್ಟಲು ಬರುತ್ತಿದ್ದವರು. ನನ್ನ ಕೈಯಿಂದ ದಾರ ಕಿತ್ತುಕೊಂಡರು. "ಇದು ಬೇಯ್ಸೋ ಕಟ್ಟು, ಮಂಗ. ಸೈಕಲ್ ಬೇಯ್ಸೀಯಾ?"

ಬಸ್ಸು ಬಂತು. ಅದೇ ಡ್ರೈವರಮ್ಮ. ಅಮಾಲಾ ಹಿಂದೆ ಹೋಗಿ, ನನ್ನಿಂದ ಸೈಕಲ್ ಎತ್ತಿಸಿ, ತಾವೇ ಕಟ್ಟಿ, ತುದಿಯನ್ನು ಒಳಗೆ ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಕೂತರು. ಡ್ರೈವರಮ್ಮ ಕನ್ನಡಿ ನೋಡಿದಳು. ಇಂಜಿನ್ ಆಫ್ ಮಾಡಿ ಕೈ ಕಟ್ಟಿದಳು. ನಾನು ಇಳಿಯಲು ಎದ್ದೆ. ಅಮಾಲಾ ನನ್ನ ಅಂಗಿ ಹಿಡಿದು ಕೂರಿಸಿದರು. ಚೀಲದಿಂದ ಜಪಮಣಿ ತೆಗೆದು, ಕಣ್ಣು ಅರೆಮುಚ್ಚಿ, ಒಂದೊಂದೇ ಮಣಿ ಸರಿಸತೊಡಗಿದರು. ಬಸ್ಸು ಮೌನವಾಯಿತು. ಆದರೆ ಇವತ್ತಿನ ಮೌನಕ್ಕೆ ಎರಡು ಕಡೆಯಿದ್ದವು. ಡ್ರೈವರಮ್ಮನ ಕಣ್ಣು ಗಡಿಯಾರಕ್ಕೆ ಹೋಯಿತು. ಅಮಾಲಾ ಕಣ್ಣು ಎಲ್ಲಿಗೂ ಹೋಗಲಿಲ್ಲ. ಇನ್ನಷ್ಟು ಮಣಿ ಸರಿದವು. ಡ್ರೈವರಮ್ಮ ಮತ್ತೆ ಗಡಿಯಾರ ನೋಡಿದಳು, ಕೆಳಗಿಳಿದು ಹಿಂದೆ ಹೋದಳು, ಸೈಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ದಾರದ ತುದಿಗಾಗಿ ಹುಡುಕಿದಳು. ಸಿಗಲಿಲ್ಲ. ಮೇಲೊಂದು ತನ್ನ ಬೆಲ್ಟ್ ಬಿಗಿದು ಬಂದು ಬಸ್ಸು ಹೊರಡಿಸಿದಳು.

"ಅವ್ಳಿಗೆ ಗಡಿಯಾರ ಅದೆ," ಎಂದರು ಅಮಾಲಾ, ಕಣ್ಣು ಬಿಡದೆ. "ನಂಗೆ ಮಣಿ ಅದೆ."

ಸರೋವರದ ದಡದ ರಸ್ತೆ ಸಮವಾಗಿತ್ತು, ಜನರಿಂದ ತುಂಬಿಯೂ ಇತ್ತು. ಅಮಾಲಾ ಸೈಕಲ್ ಹತ್ತಿದರು. ಮೊದಲು ಸ್ವಲ್ಪ ತೂರಾಡಿ, ಆಮೇಲೆ ಬದುವಿನ ಮೇಲೆ ಹೋಗುತ್ತಿದ್ದಂತೆಯೇ ಬೆನ್ನು ನೆಟ್ಟಗೆ ಮಾಡಿ ಹೊರಟರು. ನಾನು ಬೆಂಚು ಹುಡುಕಿದೆ. ಅವರು ಅಲ್ಲಿಂದಲೇ ತಿರುಗಿ ಕೂಗಿದರು.

"ಏ ಮಂಗ, ಕೂತ್ಕಂಡ್ರೆ ಎಂಗೆ? ಜನ ಅಡ್ಡ ಬತ್ತಾವ್ರೆ. ಬೆಲ್ಲು ಕಳ್ದೋನು ಯಾರು?"

"ಅಂಗಡೀಲಿ ಒಸ ಬೆಲ್ ತತ್ತೀನಿ ಅಮಾಲಾ."

"ತರೋಗಂಟ ಯಾರ್ಲಾ ಬಾರ್ಸೋರು?"

ಹಾಗಾಗಿ ಸ್ವಿಟ್ಜರ್ಲೆಂಡಿನ ಒಂದು ಸುಂದರ ಸರೋವರವನ್ನು ನಾನು ನೋಡಿದ್ದು ಓಡುತ್ತ. ಮುಂದೆ ಕಪ್ಪು ಸೈಕಲ್ಲಿನ ಮಡ್‌ಗಾರ್ಡು, ಹಿಂದೆ ಪಿರಿಯಾಪಟ್ಟಣದವನೊಬ್ಬ ಏದುಸಿರು ಬಿಡುತ್ತ, ಎರಡು ಸರಿಯಾಗಿ, ಮೂರನೆಯದು ಬೆಕ್ಕಿನ ಸೀನು. ಅಡ್ಡ ಬಂದವರೆಲ್ಲ ದಾರಿ ಬಿಟ್ಟು, ಮೊದಲು ಸೈಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು. ಒಬ್ಬರೂ ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ಮುಂದೆ ಹೋಗುತ್ತಿದ್ದವರೇ ಅನ್ನುತ್ತಿದ್ದರು, ತಿರುಗಿಯೂ ನೋಡದೆ, ಕನ್ನಡದಲ್ಲಿ, ದಡದ ಆ ತುದಿಯವರೆಗೂ.